ಅರ್ಥವಾಗದೆ ತಲೆಯಾಡಿಸಬೇಡಿ

ಯಾರೋ ನಿಮ್ಮೆದುರು ನಿಂತು ನಿಮಗೆ ಸರಿಯಾಗಿ ಬಾರದ ಭಾಷೆಯಲ್ಲಿ ಏನೋ ಹೇಳುತ್ತಿದ್ದಾರೆ ಎಂದುಕೊಳ್ಳಿ. ಅರ್ಧವೂ ತಿಳಿಯುತ್ತಿಲ್ಲ. ಆಗ ನೀವೇನು ಮಾಡುತ್ತೀರಿ? ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ನಸುನಕ್ಕು ತಲೆಯಾಡಿಸುತ್ತೇವೆ. ಹೇಳಿದವರಿಗೆ ಬೇಸರವಾಗಬಾರದು, ನಮ್ಮ ಅಜ್ಞಾನವೂ ಹೊರಬೀಳಬಾರದು. ಈ ತಲೆಯಾಡಿಸುವಿಕೆಯನ್ನು ನಾವು ಸಭ್ಯತೆ ಎಂದು ತಿಳಿದಿದ್ದೇವೆ. ಅದು ಎಷ್ಟು ದುಬಾರಿಯಾಗಬಹುದು ಎಂಬುದನ್ನು ನಾನು ಎರಡು ಸಲ ಕಂಡೆ. ಒಮ್ಮೆ ನನ್ನ ಮನೆಯ ಬೇಲಿಯ ಬಳಿ, ಇನ್ನೊಮ್ಮೆ ಸಾವಿರಾರು ಮೈಲಿ ದೂರದ ಅರ್ಮೇನಿಯಾದಿಂದ ಬಂದ ಒಂದು ಫೋನಿನಲ್ಲಿ.

ಫೋನಿನಿಂದಲೇ ಆರಂಭಿಸುತ್ತೇನೆ.

ನನ್ನ ಗಂಡನ ಅಣ್ಣನ ಮಗಳು ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಹಲವು ವರ್ಷಗಳಿಂದ ಭಾರತದ ಮಕ್ಕಳು ಡಾಕ್ಟರಾಗಲು ಆ ಪುಟ್ಟ ದೇಶಕ್ಕೆ ಹೋಗುತ್ತಿದ್ದಾರೆ. ಇಲ್ಲಿ ಸರಕಾರಿ ಸೀಟು ಸಿಗದೆ, ಖಾಸಗಿ ಸೀಟಿನ ಹಣ ಹೊಂದಿಸಲಾಗದೆ, ಮನೆಯವರೆಲ್ಲ ಸೇರಿ ಯೋಚಿಸಿ ಅವಳನ್ನು ಕಳಿಸಿದ್ದೆವು. ಮೂರನೆಯ ವರ್ಷದಲ್ಲಿ ಆಸ್ಪತ್ರೆಯ ವಾರ್ಡಿಗೆ ಹೋಗಲಾರಂಭಿಸಿದ ಮೇಲೆ ಒಂದು ರಾತ್ರಿ ಅವಳ ಕರೆ ಬಂತು. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ನಮ್ಮಲ್ಲಿ ಆಗ ಹನ್ನೊಂದು ಗಂಟೆ.

"ಚಾಚಿ, ನಾನು ವಾಪಸ್ ಬರುತ್ತೇನೆ" ಎಂದಳು. ಅಳುತ್ತಿದ್ದಳು.

ನಡೆದದ್ದು ಇಷ್ಟು. ವಾರ್ಡಿನಲ್ಲಿ ವಯಸ್ಸಾದ ಒಬ್ಬ ಹೆಂಗಸು ಇವಳ ಕೈ ಹಿಡಿದು ಏನೋ ಹೇಳಿದರು. ಒಮ್ಮೆಯಲ್ಲ, ಮೂರು ಸಲ. ಇವಳು ಮೂರು ಸಲವೂ "ಅಯೊ, ಅಯೊ" ಎಂದು ತಲೆಯಾಡಿಸಿದಳು. ಅರ್ಮೇನಿಯನ್‌ನಲ್ಲಿ 'ಅಯೊ' ಎಂದರೆ ಹೌದು. ಆಮೇಲೆ ಬಂದ ದೊಡ್ಡ ಡಾಕ್ಟರ್, "ರೋಗಿ ನಿನಗೆ ಏನು ಹೇಳಿದರು?" ಎಂದು ಕೇಳಿದರು. ಇವಳ ಬಾಯಿಯಿಂದ ಮಾತು ಹೊರಡಲಿಲ್ಲ. ನೋವು ಹಗಲಿನಲ್ಲಿ ಇರುವುದಿಲ್ಲ, ರಾತ್ರಿ ಮಾತ್ರ ಬರುತ್ತದೆ ಎಂದು ಆ ಹೆಂಗಸು ಹೇಳಿದ್ದರಂತೆ. ರಾತ್ರಿಗೆ 'ಗಿಶೆರ್' ಎನ್ನುತ್ತಾರೆ. ಆ ಪದ ಇವಳ ನೋಟುಪುಸ್ತಕದಲ್ಲಿ ಇತ್ತು. ಪರೀಕ್ಷೆಯಲ್ಲೂ ಬರೆದಿದ್ದಳು. ಆದರೆ ನೋವಿನಲ್ಲಿದ್ದ ಒಬ್ಬ ಮುದುಕಿಯ ಬಾಯಿಯಿಂದ ಬಂದಾಗ ಅದು ಗುರುತು ಸಿಗಲಿಲ್ಲ.

"ನಾನು ಡಾಕ್ಟರ್ ಆಗಲಾರೆ ಚಾಚಿ. ಇವರ ಭಾಷೆ ನನಗೆ ಬರುವುದೇ ಇಲ್ಲ."

ಮರುದಿನ ಮನೆಯಲ್ಲಿ ಚರ್ಚೆ ಶುರುವಾಯಿತು. ವಾಪಸ್ ಕರೆಸೋಣ, ಒಳ್ಳೆಯ ಕಡೆ ನೋಡಿ ಮದುವೆ ಮಾಡೋಣ ಎಂದವರೂ ಇದ್ದರು. ನಾನು ಅವಳಿಗೆ ಮತ್ತೆ ಫೋನ್ ಮಾಡಿದೆ. ಸಮಾಧಾನ ಹೇಳಲಿಲ್ಲ. ಇಪ್ಪತ್ತು ವರ್ಷಗಳಿಂದ ಯಾರಿಗೂ ಹೇಳದಿದ್ದ ನನ್ನದೇ ಒಂದು ತಪ್ಪನ್ನು ಹೇಳಿದೆ. ಅದನ್ನು ಇಂದು ನಿಮಗೂ ಹೇಳುತ್ತೇನೆ.

ಬೇಲಿಯ ಬಳಿ ನಡೆದದ್ದು

ನಾನು ಶಿವಮೊಗ್ಗ ಕಡೆಯವಳು. ಮನೆಯ ಮಾತು ಉರ್ದು. ಮದ್ರಸದಲ್ಲಿ ಐದು ವರ್ಷ ಅರಬಿ ಓದಿದೆ. ಆಮೇಲೆ ದೂರಶಿಕ್ಷಣದಲ್ಲಿ ಬಿ.ಎ. ಮಾಡಿದೆ. ಕನ್ನಡ ಪತ್ರಿಕೆ ಓದುತ್ತಿದ್ದೆ, ಇಂಗ್ಲಿಷ್ ಅರ್ಜಿ ಬರೆಯುತ್ತಿದ್ದೆ. 2002ರಲ್ಲಿ ಮದುವೆಯಾಗಿ ಬ್ರಹ್ಮಾವರಕ್ಕೆ ಬಂದಾಗ ನಾಲ್ಕು ಭಾಷೆ ಬಲ್ಲ ಸೊಸೆ ಬಂದಳೆಂದು ಅತ್ತೆ ಹೆಮ್ಮೆಯಿಂದ ಹೇಳಿಕೊಂಡರು. ಒಂದೇ ವಾರದಲ್ಲಿ ನನ್ನ ಬಣ್ಣ ಬಯಲಾಯಿತು.

ಬ್ರಹ್ಮಾವರ ಎಂಥ ಊರು ಎಂದು ಇತ್ತ ಕಡೆಯ ಓದುಗರಿಗೆ ಗೊತ್ತು. ದಕ್ಷಿಣಕ್ಕೆ ಉಡುಪಿಯತ್ತ ಹೋದರೆ ತುಳು. ಉತ್ತರಕ್ಕೆ ಕುಂದಾಪುರದತ್ತ ಹೋದರೆ ಕುಂದಗನ್ನಡ. ನಡುವೆ ಚರ್ಚಿಗೆ ಹೋಗುವವರ ಕೊಂಕಣಿ, ನಮ್ಮವರಲ್ಲಿ ಕೆಲವರ ಉರ್ದು, ಕೆಲವರ ಬ್ಯಾರಿ. 2018ರಲ್ಲಿ ಪ್ರತ್ಯೇಕ ತಾಲೂಕಾದ ಈ ಊರಿನ ಸಂತೆಯಲ್ಲಿ ಒಂದು ಸುತ್ತು ಬಂದರೆ ಐದು ಭಾಷೆ ಕಿವಿಗೆ ಬೀಳುತ್ತದೆ. ಪುಸ್ತಕದಲ್ಲಿ ನಾನು ಓದಿದ ಕನ್ನಡ ಮಾತ್ರ ಎಲ್ಲೂ ಕೇಳಲಿಲ್ಲ.

ಮೀನು ಮಾರುವವಳು ಅಂಗಳದಲ್ಲಿ ಬುಟ್ಟಿ ಇಳಿಸಿ "ಮೀನ್ ಕಾಣಿ" ಎಂದಳು. ನೋಡಿ ಎನ್ನುವುದಕ್ಕೆ ಕುಂದಗನ್ನಡದಲ್ಲಿ 'ಕಾಣಿ'. ನಾನು ಕಾಣೆ ಮೀನು ಎಂದು ತಿಳಿದು, "ಕಾಣೆ ಬೇಡ, ಬಂಗುಡೆ ಕೊಡಿ" ಎಂದೆ. ಅವಳು ನಕ್ಕಳು. ಪಕ್ಕದ ಮನೆಯ ತುಳು ಅಜ್ಜಿ 'ನುಪ್ಪು' ಎಂದರೆ ನನಗೆ 'ಉಪ್ಪು' ಎಂದು ಕೇಳುತ್ತಿತ್ತು. ನುಪ್ಪು ಎಂದರೆ ಅನ್ನ. ಅನ್ನ ಆಯಿತೇ ಎಂದು ಕೇಳಿದವರಿಗೆ ಉಪ್ಪಿನ ಡಬ್ಬಿ ಕೊಡಲು ಹೋದದ್ದೂ ಉಂಟು. ಜನ ನಗುವುದನ್ನು ಕಂಡು ನನಗೆ ನಾಚಿಕೆಯಾಯಿತು. ಓದಿದವಳಲ್ಲವೇ? ಅಂದಿನಿಂದ ಕೇಳುವುದನ್ನು ಬಿಟ್ಟೆ. ಯಾರು ಏನೇ ಹೇಳಿದರೂ ನಕ್ಕು ತಲೆಯಾಡಿಸುವುದನ್ನು ರೂಢಿ ಮಾಡಿಕೊಂಡೆ.

ಬೇಸಿಗೆಯ ಒಂದು ಮಧ್ಯಾಹ್ನ. ಮನೆಯವರೆಲ್ಲ ಮದುವೆಗೆ ಹೋಗಿದ್ದರು. ಅದೇ ಅಜ್ಜಿ ಬೇಲಿಯ ಬಳಿ ಬಂದು ಕಂಬ ಹಿಡಿದು ನಿಂತರು. ಬೆವರುತ್ತಿದ್ದರು. ಆ ಸೆಕೆಗೆ ಬೆವರದವರು ಯಾರು? "ತಿಗಲೆ ಬೇನೆ ಆಪುಂಡು ಮಗಾ" ಎಂದರು.

ನನಗೆ ಕೇಳಿದ್ದು 'ತಿಂಗಳು' ಮತ್ತು 'ಬೇನೆ'. ಅಜ್ಜಿಯ ಮಗಳು ತುಂಬು ಗರ್ಭಿಣಿ ಎಂದು ಗೊತ್ತಿತ್ತು. ತಿಂಗಳು ತುಂಬಿ ಹೆರಿಗೆಯ ಬೇನೆ ಶುರುವಾಗಿದೆ ಎಂದು ಹೇಳುತ್ತಿದ್ದಾರೆ ಎಂದುಕೊಂಡೆ. ನಗುತ್ತಾ, "ಸಂತೋಷ ಅಮ್ಮಾ, ಎಲ್ಲ ಒಳ್ಳೆಯದಾಗುತ್ತದೆ" ಎಂದು ತಲೆಯಾಡಿಸಿದೆ. ಅಜ್ಜಿ ನನ್ನ ಮುಖವನ್ನೇ ನೋಡಿದರು. ಮತ್ತೇನೂ ಹೇಳದೆ ನಿಧಾನವಾಗಿ ಹಿಂತಿರುಗಿ ಹೋದರು.

ಸಂಜೆ ಅವರ ಮಗ ಕೆಲಸದಿಂದ ಬಂದಾಗ ಅವರು ಜಗಲಿಯಲ್ಲಿ ಬಿದ್ದಿದ್ದರು. ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಹೃದಯಾಘಾತ. ರಾತ್ರಿ ಅತ್ತೆ ಬಂದ ಮೇಲೆ ನಾನು ಮೆಲ್ಲಗೆ ಕೇಳಿದೆ, "ತಿಗಲೆ ಅಂದರೇನು?"

"ಎದೆ" ಎಂದರು ಅತ್ತೆ.

ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಎದೆನೋವು ಎಂದು ಹೇಳಿದ ಒಂದು ಜೀವಕ್ಕೆ ನಾನು "ಸಂತೋಷ" ಎಂದು ಉತ್ತರ ಕೊಟ್ಟಿದ್ದೆ. ಅಲ್ಲಾಹನ ದಯೆಯಿಂದ ಅಜ್ಜಿ ಉಳಿದರು. ಉಳಿಯದಿದ್ದರೆ? ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಎಂದು ಕೇಳಲು ಎಷ್ಟು ಹೊತ್ತು ಬೇಕಿತ್ತು? ಅಜ್ಜಿ ಆಗ ಎದೆಯ ಮೇಲೆ ಕೈಯಿಟ್ಟು ತೋರಿಸುತ್ತಿದ್ದರು.

ಬೀಡಿಯ ತಡ್ಪೆಯ ಮುಂದೆ ಪಾಠ

ಅಜ್ಜಿ ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಹೋದೆ. ನಡೆದದ್ದನ್ನು ಅತ್ತೆಯ ಬಾಯಿಯಿಂದ ಹೇಳಿಸಿ ಕ್ಷಮೆ ಕೇಳಿದೆ. ಅಜ್ಜಿ ಕೋಪಿಸಿಕೊಳ್ಳಲಿಲ್ಲ. ತಿಗಲೆಯನ್ನು ನಾನು ತಿಂಗಳು ಮಾಡಿದ ಕಥೆ ಕೇಳಿ ನಕ್ಕು ನಕ್ಕು ಕೆಮ್ಮಿದರು. ಮತ್ತೆ ತುಳುವಿನಲ್ಲಿ ಒಂದು ಮಾತು ಹೇಳಿದರು. ಅತ್ತೆ ಅದನ್ನು ಬಿಡಿಸಿ ಹೇಳಿದರು: ಇನ್ನು ಮುಂದೆ ತಿಳಿಯದಿದ್ದರೆ 'ತೆರಿಯುಜಿ' ಅನ್ನು. ತೆರಿಯುಜಿ ಎಂದರೆ ತಿಳಿಯುವುದಿಲ್ಲ. ನಾನು ಸರಿಯಾಗಿ ಕಲಿತ ಮೊದಲ ತುಳು ಪದ ಅದೇ.

ಅಜ್ಜಿ ಸ್ವಲ್ಪ ಚೇತರಿಸಿಕೊಂಡ ಮೇಲೆ ಮತ್ತೆ ಬೀಡಿ ಕಟ್ಟಲು ಕುಳಿತರು. ದಿನವೂ ಅಸರ್ ನಮಾಝ್ ಮುಗಿಸಿ ಅರ್ಧ ಗಂಟೆ ಅವರ ಜಗಲಿಯಲ್ಲಿ ಕೂರುತ್ತಿದ್ದೆ. ನಾನು ಎಲೆ ಕತ್ತರಿಸಿ ಕೊಡುತ್ತಿದ್ದೆ, ಅವರು ಮಾತಾಡುತ್ತಿದ್ದರು. ಕೈಯಲ್ಲಿದ್ದ ವಸ್ತುವನ್ನು ಎತ್ತಿ ಹಿಡಿದು "ಉಂದು ದಾದ?" ಎಂದು ಕೇಳುತ್ತಿದ್ದೆ. ಇದೇನು ಎಂದರ್ಥ. ಎಲೆ 'ಇರೆ'. ಮೊರ 'ತಡ್ಪೆ'. ಪದಾರ್ಥ 'ಕಜಿಪು'. ತಿಳಿಯದಿದ್ದರೆ "ಎಂಕ್ ತೆರಿಯುಜಿ". ಮತ್ತೆ ಹೇಳಿಸಲು "ಕುಡ ಒರ ಪನ್ಲೆ". ವೇಗ ಹೆಚ್ಚಾದರೆ "ಮೆಲ್ಲ ಪನ್ಲೆ". ಈ ನಾಲ್ಕು ಮಾತುಗಳಿಂದ ಒಂದು ವರ್ಷದಲ್ಲಿ ನನಗೆ ತುಳು ಬಂತು. ಯಾವ ಪುಸ್ತಕವನ್ನೂ ತೆರೆಯಲಿಲ್ಲ.

ಆಮೇಲೆ ನೋಡಿದರೆ, ಪುಸ್ತಕ ಮಾಡಿದವರೂ ಹೀಗೆಯೇ ಕಲಿತಿದ್ದರು. ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಿಂದ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದಾಗ ಅವರ ಕೈಯಲ್ಲಿ ತುಳುವಿನ ನಿಘಂಟು ಇರಲಿಲ್ಲ. ಇಲ್ಲಿಯವರನ್ನು ಕೇಳಿ ಕೇಳಿ ಕಲಿತರು. ಅವರಲ್ಲಿ ಒಬ್ಬರಾದ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ ಅಚ್ಚಾಯಿತು. ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬರುವಾಗ 1894. ನಮ್ಮ ಕಾಲದಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಡಾ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಬಂದ ತುಳು ನಿಘಂಟಿನ ಆರು ಸಂಪುಟಗಳು 1988ರಿಂದ 1997ರವರೆಗೆ ಪ್ರಕಟವಾದವು. ಆ ಸಂಪುಟಗಳಲ್ಲಿರುವ ಪದಗಳೆಲ್ಲ ಮೊದಲು ಇಂಥ ಅಜ್ಜಿಯರ ಬಾಯಲ್ಲೇ ಇದ್ದವು.

ಇನ್ನೂ ಹಿಂದಕ್ಕೆ ಹೋಗೋಣ. ಪ್ರವಾದಿ ಮುಹಮ್ಮದ್(ಸ)ರು ಮದೀನದಲ್ಲಿ ಯಹೂದಿಯರ ಪತ್ರಗಳನ್ನು ಓದಿ ಉತ್ತರಿಸಲು ಅವರ ಬರಹವನ್ನು ಕಲಿಯುವಂತೆ ಯುವಕ ಝೈದ್ ಬಿನ್ ಸಾಬಿತ್(ರ)ರಿಗೆ ಸೂಚಿಸಿದರು. ಅವರು ಸುಮಾರು 15 ದಿನಗಳಲ್ಲಿ ಅದನ್ನು ಕಲಿತರೆಂದು ಹದೀಸ್ ಗ್ರಂಥಗಳಲ್ಲಿದೆ. ಆ ಭಾಷೆಯ ಜನ ಅದೇ ಊರಿನಲ್ಲಿದ್ದರು ಎಂಬುದನ್ನು ನಾವು ಗಮನಿಸಬೇಕು.

ಪುಸ್ತಕದ ಮಾತು, ಬಾಯಿಯ ಮಾತು

ಮದ್ರಸದಲ್ಲಿ ಕಲಿತವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿರಬೇಕು. ಕೆಲವು ವರ್ಷಗಳ ಹಿಂದೆ ಉಮ್ರಾಕ್ಕೆ ಹೋದಾಗ ಮಕ್ಕಾದ ಒಂದು ಅಂಗಡಿಯಲ್ಲಿ ನಾನು ವ್ಯಾಕರಣಬದ್ಧವಾಗಿ "ಉರೀದು ಮಾಅನ್" ಎಂದೆ. ನೀರು ಬೇಕು ಎಂದರ್ಥ. ಅಂಗಡಿಯ ಹುಡುಗ ನನ್ನನ್ನು ಬಹಳ ಗೌರವದಿಂದ ನೋಡಿದ. ಪಕ್ಕದಲ್ಲಿದ್ದ ಅರಬ್ ಹೆಂಗಸು "ಅಬ್ಗಾ ಮೋಯ" ಎಂದು ಬಾಟಲಿ ತೆಗೆದುಕೊಂಡು ನಡೆದೇ ಬಿಟ್ಟಳು. ಅಲ್ಲಿಯ ಮಾತಿನಲ್ಲಿ ಬೇಕು ಎನ್ನುವುದಕ್ಕೆ 'ಅಬ್ಗಾ', ನೀರಿಗೆ 'ಮೋಯ'. ಐದು ವರ್ಷದ ಸರ್ಫ್, ನಹ್ವ್ ನನಗೆ ಕುರ್‌ಆನ್‌ನ ಬಾಗಿಲು ತೆರೆದವು. ಅದರ ಬೆಲೆ ಎಂದಿಗೂ ಕಡಿಮೆಯಲ್ಲ. ಆದರೆ ಅಂಗಡಿಯ ಬಾಗಿಲಿಗೆ ಬೇರೆ ಬೀಗದಕೈ ಬೇಕಿತ್ತು.

ಅರ್ಮೇನಿಯನ್ ಭಾಷೆಯಲ್ಲೂ ಹಾಗೆಯೇ ಎಂದು ನಮ್ಮ ಹುಡುಗಿ ಹೇಳಿದಳು. 'ಇದೇನು?' ಎನ್ನಲು ಅವಳ ಪಠ್ಯದಲ್ಲಿ "ಸ ಇಂಚ್ ಎ?" ಎಂದಿದೆ. ಯೆರೆವಾನ್‌ನ ಬೀದಿಯಲ್ಲಿ "ಎಸ್ ಇಂಚ್ ಅ?" ಎನ್ನುತ್ತಾರೆ. ಇದೆ ಎಂಬರ್ಥದ 'ಎ' ಎಂಬುದು ಮಾತಿನಲ್ಲಿ 'ಅ' ಆಗಿಬಿಡುತ್ತದೆ. ನೋಯುತ್ತದೆ ಎನ್ನಲು ಪುಸ್ತಕದಲ್ಲಿ "ತ್ಸವುಮ್ ಎ", ರೋಗಿಯ ಬಾಯಲ್ಲಿ "ತ್ಸವುಮ್ ಅ". ಒಂದೇ ಒಂದು ಸ್ವರದ ಬದಲಾವಣೆ. ಆದರೆ ವಾಕ್ಯವಾಕ್ಯದಲ್ಲೂ ಬರುವ ಸ್ವರ ಅದು. ನಾವು 'ಇದ್ದೇನೆ' ಎಂದು ಬರೆದು 'ಇದೀನಿ' ಎನ್ನುವುದಿಲ್ಲವೇ?

ಹುಡುಗಿಯ ಕಷ್ಟಕ್ಕೆ ಇನ್ನೊಂದು ಕಾರಣವಿತ್ತು. ಉರ್ದು, ತುಳು, ಕುಂದಗನ್ನಡ, ಕನ್ನಡ ಎಲ್ಲವೂ ಅವಳಿಗೆ ಬರುತ್ತದೆ. ಆದರೆ ಅವನ್ನು ಅವಳು ಕಲಿತದ್ದಲ್ಲ. ಅಂಗಳದಲ್ಲಿ ಆಡುತ್ತಾ ತಾನಾಗಿ ಬಂದವು. ಎರಡು ವರ್ಷದ ಮಗು ತಪ್ಪು ಮಾತಾಡಿದರೆ ಎಲ್ಲರೂ ಮುದ್ದು ಮಾಡುತ್ತಾರೆ. ಇಪ್ಪತ್ತು ವರ್ಷದವಳಿಗೆ ತಪ್ಪು ಮಾತಾಡಲು ಧೈರ್ಯ ಬೇಕು. ಅವಳಿಗೆ ಕೊರತೆಯಾದದ್ದು ಆ ಧೈರ್ಯ ಮಾತ್ರ.

ಅವಳಿಗೆ ಹೇಳಿದ್ದು, ನಿಮಗೂ ಹೇಳುವುದು

ಆ ರಾತ್ರಿ ನಾನು ಅವಳಿಗೆ ಕೆಲವು ಮಾತುಗಳನ್ನು ಹೇಳಿದೆ. ಗಲ್ಫಿಗೆ ಹೋಗುವ ಸೊಸೆಗೂ, ಬ್ಯಾರಿ ಮನೆಯಿಂದ ಉರ್ದು ಮನೆಗೆ ಬಂದ ಮದುಮಗಳಿಗೂ, ಬೆಂಗಳೂರಿನಿಂದ ವರ್ಗವಾಗಿ ಬಂದ ಟೀಚರಿಗೂ ಅವು ಸಲ್ಲುತ್ತವೆ.

ಮೊದಲನೆಯದು, ಪದಗಳಿಗಿಂತ ಮುಂಚೆ ಕೇಳುವ ಮಾತುಗಳನ್ನು ಕಲಿಯಿರಿ. ಅಜ್ಜಿಯ ಜಗಲಿಯ ಆ ನಾಲ್ಕು ಮಾತುಗಳಿಗೆ ಅರ್ಮೇನಿಯನ್‌ನಲ್ಲಿ ಏನೆನ್ನುತ್ತಾರೆ ಎಂದು ಅವಳನ್ನೇ ಕೇಳಿದೆ. ಇದೇನು, "ಸ ಇಂಚ್ ಎ?" ಅರ್ಥವಾಗುತ್ತಿಲ್ಲ, "ಚೆಮ್ ಹಸ್ಕನುಮ್". ಇನ್ನೊಮ್ಮೆ ಹೇಳಿ, "ಮಿ ಅಂಗಮ್ ಎಲ್ ಅಸೆಕ್". ನಿಧಾನವಾಗಿ ಮಾತಾಡಿ, "ದಂದಘ್ ಖೊಸೆಕ್". ಇವು ನಾಲಗೆಯ ತುದಿಯಲ್ಲಿದ್ದರೆ ಎದುರಿಗಿದ್ದವರೆಲ್ಲ ನಿಮ್ಮ ಅಧ್ಯಾಪಕರಾಗುತ್ತಾರೆ.

ಎರಡನೆಯದು, ಹತ್ತು ಮಂದಿಯ ಬಳಿ ಚೂರುಚೂರು ಕಲಿಯುವ ಬದಲು ಒಬ್ಬರನ್ನು ಹಿಡಿಯಿರಿ, ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳಿ. ವಯಸ್ಸಾದ ಹೆಂಗಸರು ಎಲ್ಲಕ್ಕಿಂತ ಒಳ್ಳೆಯವರು. ಅವರಿಗೆ ಹೊತ್ತಿರುತ್ತದೆ, ಮಾತಿರುತ್ತದೆ, ಕೇಳುವವರು ಮಾತ್ರ ಇರುವುದಿಲ್ಲ.

ಮೂರನೆಯದು, ಬರಿಗೈಯಲ್ಲಿ ಹೋಗಬೇಡಿ. ಅವರ ಕೆಲಸಕ್ಕೆ ಕೈಜೋಡಿಸಿ. ಕೈ ಕೆಲಸ ಮಾಡುವಾಗ ನಾಚಿಕೆ ಕಡಿಮೆಯಾಗುತ್ತದೆ, ಕಣ್ಣೆದುರಿನ ವಸ್ತುವಿನೊಂದಿಗೆ ಪದವೂ ನೆನಪಿನಲ್ಲಿ ಉಳಿಯುತ್ತದೆ.

ನಾಲ್ಕನೆಯದು, ನಿಮ್ಮಲ್ಲಿ ಈಗಾಗಲೇ ಇರುವುದನ್ನು ಹುಡುಕಿ. ಇದನ್ನು ಹೇಳಿದಾಗ ಹುಡುಗಿ ನಂಬಲಿಲ್ಲ. ಒಂದು ವಾರ ಬಿಟ್ಟು ತಾನೇ ಫೋನ್ ಮಾಡಿದಳು. "ಚಾಚಿ, ಇವರೂ ಪ್ರೀತಿಯಿಂದ ಕರೆಯುವಾಗ ಹೆಸರಿನ ಮುಂದೆ 'ಜಾನ್' ಸೇರಿಸುತ್ತಾರೆ!" ಪಾರ್ಸಿ ಭಾಷೆಯ ನೆರೆಯಲ್ಲಿ ಶತಮಾನಗಳ ಕಾಲ ಇದ್ದುದರಿಂದ ಅರ್ಮೇನಿಯನ್‌ನಲ್ಲಿ ಅಂಥ ಪದಗಳು ಬಹಳ. ಸಾವಿರಕ್ಕೆ 'ಹಜಾರ್', ಸಕ್ಕರೆಗೆ 'ಶಕರ್', ಸ್ವತಂತ್ರ ಎನ್ನಲು 'ಅಜಾತ್'. ಉರ್ದು ಮನೆಯ ಹುಡುಗಿಗೆ ಇವನ್ನು ಕಲಿಸಬೇಕೇ? ಕನ್ನಡವೂ ನೆರವಿಗೆ ಬಂತು. ನಾವು ಊರಿನ ಹೆಸರಿಗೆ 'ಅಲ್ಲಿ', 'ಇಂದ' ಸೇರಿಸುವಂತೆ ಅವರೂ ಪದದ ಕೊನೆಗೆ ಸೇರಿಸುತ್ತಾರೆ. ಯೆರೆವಾನ್‌ನಲ್ಲಿ ಎನ್ನಲು 'ಯೆರೆವಾನುಮ್', ಭಾರತದಿಂದ ಎನ್ನಲು 'ಹಂದ್ಕಸ್ತಾನಿತ್ಸ್'. ಹಿರಿಯರಿಗೆ 'ನೀವು', ಗೆಳತಿಗೆ 'ನೀನು' ಎಂಬ ಭೇದವೂ ಇದೆ. ಗೆಳತಿಗೆ "ಬರೆವ್" ಎಂದರೆ ಸಾಕು, ದೊಡ್ಡವರಿಗೆ "ಬರೆವ್ ದ್ಜೆಜ್" ಎನ್ನಬೇಕು.

ಇನ್ನೊಂದು ಸಂಗತಿ ನನಗೆ ವಿಶೇಷ ಸಂತೋಷ ಕೊಟ್ಟಿತು. ಮೆಸ್ರೋಪ್ ಮಾಷ್ತೊತ್ಸ್ ಎಂಬ ಪಾದ್ರಿ ಸುಮಾರು ಕ್ರಿ.ಶ. 405ರಲ್ಲಿ ಅರ್ಮೇನಿಯನ್ ಲಿಪಿಯನ್ನು ರೂಪಿಸಿದರು. ಮೊದಲು ಅದರಲ್ಲಿ 36 ಅಕ್ಷರಗಳಿದ್ದವು. ಬ-ಪ-ಫ, ದ-ತ-ಥ, ಗ-ಕ-ಖ ಎಂದು ಮೂರು ಮೂರು ಬಗೆಯ ಧ್ವನಿಗಳನ್ನು ಯೆರೆವಾನ್‌ನ ಮಾತಿನಲ್ಲಿ ಬೇರೆಬೇರೆಯಾಗಿ ನುಡಿಯುತ್ತಾರೆ. ಇಂಗ್ಲಿಷ್‌ನವರಿಗೆ ಇದು ಕಷ್ಟ. ಅಲ್ಪಪ್ರಾಣ, ಮಹಾಪ್ರಾಣ ಕಲಿತ ನಮ್ಮ ಕನ್ನಡದ ಮಕ್ಕಳಿಗೆ ಸಲೀಸು. ಗಂಟಲಿನಿಂದ ಹೊರಡುವ ಎರಡು ಅಕ್ಷರಗಳಿಗೆ ಅವಳ ಸಹಪಾಠಿಗಳು ತಿಣುಕುತ್ತಿದ್ದರಂತೆ. ಅವು ನಮ್ಮ ಅರಬಿಯ 'ಖಾ' ಮತ್ತು 'ಗೈನ್'! "ದಂದಘ್ ಖೊಸೆಕ್" ಎಂಬ ಮಾತಿನಲ್ಲಿ ಎರಡೂ ಇವೆ. ಚಿಕ್ಕವಳಿದ್ದಾಗ ಮಗ್ರಿಬ್ ಆದ ಮೇಲೆ ನನ್ನೆದುರು ಕುಳಿತು ಆ ಅಕ್ಷರಗಳ ಮಖ್ರಜ್ ಸರಿಮಾಡಿಕೊಳ್ಳಲು ಎಷ್ಟು ಸಲ ಬೈಗುಳ ತಿಂದಿದ್ದಳೋ! ಅಂದಿನ ಬೈಗುಳ ಇಂದು ಹೀಗೆ ಫಲ ಕೊಟ್ಟಿತು.

ತಾತಿಕ್ ಮತ್ತು ಅಲೆಪ್ಪೋದ ಅಕ್ಕ

ಹುಡುಗಿ ಇಬ್ಬರನ್ನು ಹಿಡಿದಳು. ಒಬ್ಬರು ಅವಳ ಹಾಸ್ಟೆಲಿನ ಬಾಗಿಲಲ್ಲಿ ಕಾವಲಿಗೆ ಕೂರುವ ಹಿರಿಯ ಹೆಂಗಸು. ಅಲ್ಲಿ ಅಜ್ಜಿಗೆ 'ತಾತಿಕ್' ಎನ್ನುತ್ತಾರೆ. ನಮ್ಮಲ್ಲಿ ತಾತ ಗಂಡಸು, ಅಲ್ಲಿ ತಾತಿಕ್ ಹೆಂಗಸು! ಸಂಜೆ ತಾತಿಕ್ ಕಾಫಿ ಕಾಯಿಸುವಾಗ ಇವಳು ಬಟ್ಟಲು ತೊಳೆದು ಕೊಡುವುದು, ಅವರ ಫೋನಿನಲ್ಲಿ ಮೊಮ್ಮಕ್ಕಳ ಫೋಟೋ ತೆಗೆದು ತೋರಿಸುವುದು. ಒಂದೊಂದು ಫೋಟೋಕ್ಕೂ ಒಂದೊಂದು ಕಥೆ. ಬಟ್ಟಲು ಎತ್ತಿ "ಸ ಇಂಚ್ ಎ?" ಎಂದು ಕೇಳಿದರೆ ತಾತಿಕ್ ಹೇಳುತ್ತಿದ್ದರು, ಇವಳು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು. ತಾತಿಕ್ ಇವಳನ್ನು "ಬಾಲಿಕ್ ಜಾನ್" ಎಂದು ಕರೆಯಲಾರಂಭಿಸಿದರು. ಬಾಲಿಕ್ ಎಂದರೆ ಮಗು. "ನಮ್ಮ ತುಳುವಿನ ಬಾಲೆಯ ಹಾಗೆಯೇ ಕೇಳುತ್ತದೆ ಚಾಚಿ" ಎಂದು ನಕ್ಕಳು. ಆ ಪದಗಳಿಗೆ ಸಂಬಂಧವಿಲ್ಲದಿರಬಹುದು. ಆದರೆ ಅವಳು ಆ ಊರಿನಲ್ಲಿ ಮೊದಲ ಸಲ ನಕ್ಕದ್ದನ್ನು ನಾನು ಕೇಳಿದೆ.

ಇನ್ನೊಬ್ಬರು ರೊಟ್ಟಿ ಅಂಗಡಿಯ ಅಕ್ಕ. ಅವರ ಕಥೆ ದೊಡ್ಡದು. ಒಟ್ಟೋಮನ್ ಸಾಮ್ರಾಜ್ಯದಲ್ಲಿ 1915ರಲ್ಲಿ ಅರ್ಮೇನಿಯನ್ನರ ಮೇಲೆ ನಡೆದ ಹತ್ಯಾಕಾಂಡದಲ್ಲಿ ಉಳಿದುಕೊಂಡ ಅನೇಕರು ಅಲೆಪ್ಪೋ, ಬೈರೂತ್‌ನಂಥ ಅರಬ್ ನಗರಗಳಲ್ಲಿ ಆಶ್ರಯ ಪಡೆದರು. ಅಲ್ಲಿ ಮನೆಯಲ್ಲಿ ಅರ್ಮೇನಿಯನ್, ಬೀದಿಯಲ್ಲಿ ಅರಬಿ ಆಡುತ್ತಾ ತಲೆಮಾರುಗಳು ಬೆಳೆದವು. 2011ರಲ್ಲಿ ಸಿರಿಯಾದಲ್ಲಿ ಯುದ್ಧ ಶುರುವಾದ ಮೇಲೆ ಅಲೆಪ್ಪೋದ ಹಲವು ಅರ್ಮೇನಿಯನ್ ಕುಟುಂಬಗಳು ಯೆರೆವಾನ್‌ಗೆ ಬಂದವು. ಈ ಅಕ್ಕ ಹಾಗೆ ಬಂದವರು. ಒಂದು ದಿನ ತಮ್ಮ ಗಂಡನೊಡನೆ ಅರಬಿಯಲ್ಲಿ ಮಾತಾಡುವುದನ್ನು ಕೇಳಿ ನಮ್ಮ ಹುಡುಗಿ ಮದ್ರಸದ ಅರಬಿಯಲ್ಲಿ ಒಂದು ವಾಕ್ಯ ಹೇಳಿದಳು. ಅಕ್ಕ ನಕ್ಕರು. ಆದರೆ ಉತ್ತರ ಕೊಟ್ಟರು.

ಆ ಅಕ್ಕ ಹೇಳಿದ ಮಾತು ಕೇಳಿ. ಅಲೆಪ್ಪೋ, ಬೈರೂತ್‌ನವರ ಅರ್ಮೇನಿಯನ್ ಪಶ್ಚಿಮದ ರೂಪ, ಯೆರೆವಾನ್‌ನದು ಪೂರ್ವದ ರೂಪ. ಒಂದೇ ರೀತಿ ಬರೆದ ಹೆಸರನ್ನು ಇವರು 'ಪೆತ್ರೊಸ್' ಎಂದರೆ ಅವರು 'ಬೆದ್ರೊಸ್' ಎನ್ನುತ್ತಾರೆ. ಪಶ್ಚಿಮದ ರೂಪವನ್ನು ಯುನೆಸ್ಕೋ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಸೇರಿಸಿದೆ. "ನಾನು ಅರ್ಮೇನಿಯನ್ ಆಗಿದ್ದೂ ಬಂದ ಹೊಸದರಲ್ಲಿ ಇವರ ಮಾತು ಅರ್ಥವಾಗದೆ ತಲೆಯಾಡಿಸುತ್ತಿದ್ದೆ" ಎಂದರಂತೆ ಅವರು. ತಮ್ಮದೇ ಜನರ ನಡುವೆ ತಮ್ಮದೇ ಭಾಷೆಯನ್ನು ಮತ್ತೆ ಕಲಿತವರು ಅವರು. ಕಲಿಯುವವಳ ಸಂಕಟ ಅವರಿಗೆ ಗೊತ್ತಿರದೆ ಇರುತ್ತದೆಯೇ?

ಪರಭಾಷೆಗಳ ನಡುವೆ ಬಾಳುವುದು ಅರ್ಮೇನಿಯನ್ನರಿಗೆ ಹೊಸದಲ್ಲ. ನಮ್ಮ ದೇಶಕ್ಕೂ ಅವರು ವ್ಯಾಪಾರಿಗಳಾಗಿ ಬಂದವರೇ. ಚೆನ್ನೈಯಲ್ಲಿ ಇಂದಿಗೂ ಅರ್ಮೇನಿಯನ್ ಬೀದಿ ಇದೆ, 1772ರ ಅವರ ಚರ್ಚು ಇದೆ. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ 'ಅಜ್ದರಾರ್' 1794ರಲ್ಲಿ ಅಚ್ಚಾದದ್ದು ಅರ್ಮೇನಿಯಾದಲ್ಲಲ್ಲ, ಆಗಿನ ಮದ್ರಾಸಿನಲ್ಲಿ.

ಹೆತ್ತವರಿಗೆ ಒಂದು ಮಾತು

ಮಕ್ಕಳನ್ನು ವೈದ್ಯಕೀಯಕ್ಕೆಂದು ಪರದೇಶಕ್ಕೆ ಕಳಿಸುವ ಯೋಚನೆಯಲ್ಲಿರುವವರು ಒಂದು ವಿಷಯ ತಿಳಿದಿರಬೇಕು. 2021ರಲ್ಲಿ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ ಮಾಡಿದ ನಿಯಮದ ಪ್ರಕಾರ, ಅಲ್ಲಿಯ ಓದು ಕನಿಷ್ಠ 54 ತಿಂಗಳಿನದಾಗಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಜೊತೆಗೆ 12 ತಿಂಗಳ ಇಂಟರ್ನ್‌ಶಿಪ್ಪನ್ನೂ ಅಲ್ಲಿಯೇ ಮಾಡಬೇಕು. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ ಎಂದು ಏಜೆಂಟರು ಹೇಳುತ್ತಾರೆ. ಅದು ನಿಜವೇ. ಆದರೆ ರೋಗಿ ಇಂಗ್ಲಿಷಿನಲ್ಲಿ ನರಳುವುದಿಲ್ಲ. ಫೀಸು, ಹಾಸ್ಟೆಲು, ಹಲಾಲ್ ಊಟ, ಮಸೀದಿ ಎಲ್ಲವನ್ನೂ ನಾವು ವಿಚಾರಿಸಿದ್ದೆವು. ಯೆರೆವಾನ್‌ನಲ್ಲಿ ಹದಿನೆಂಟನೆಯ ಶತಮಾನದ ನೀಲಿ ಮಸೀದಿ ಇದೆ, ಅದೂ ಆ ಲಿಪಿಕಾರ ಮಾಷ್ತೊತ್ಸ್ ಹೆಸರಿನ ರಸ್ತೆಯಲ್ಲೇ ಇದೆ ಎಂದು ತಿಳಿದು ಸಮಾಧಾನಪಟ್ಟಿದ್ದೆವು. ಭಾಷೆಯ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ. ನೀವು ಕೇಳಿ. ಹೊರಡುವ ಮೊದಲೇ ಆ ನಾಲ್ಕು ಮಾತುಗಳನ್ನು ಮಗುವಿನ ಬಾಯಿಗೆ ಹಾಕಿ.

ಇದು ಪರದೇಶದ ಸಮಸ್ಯೆ ಮಾತ್ರವಲ್ಲ. 1953ರಿಂದ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿಗೆ ದೇಶದ ಎಲ್ಲ ಕಡೆಯಿಂದ ಮಕ್ಕಳು ಬರುತ್ತಿದ್ದಾರೆ. ಅವರೆದುರಿನ ಹಾಸಿಗೆಯಲ್ಲಿ ನಮ್ಮ ಅಜ್ಜಿಯಂಥವರು ಮಲಗಿರುತ್ತಾರೆ. 2019ರಿಂದ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದ ಆರಂಭದ ತರಬೇತಿಯಲ್ಲಿ ಸ್ಥಳೀಯ ಭಾಷೆಯ ಕಲಿಕೆಯನ್ನೂ ಸೇರಿಸಲಾಗಿದೆ. ಒಳ್ಳೆಯದೇ. ಆದರೆ ಕನ್ನಡ ಕಲಿತು ಬಂದ ಆ ಉತ್ತರ ಭಾರತದ ಹುಡುಗಿಗೆ 'ತಿಗಲೆ' ಎಂದರೆ ಗೊತ್ತಾಗುತ್ತದೆಯೇ? ಅಲ್ಲಿ ನಮ್ಮ ಪಾತ್ರವೂ ಇದೆ. ಯಾರಾದರೂ ನಮ್ಮ ಭಾಷೆಯನ್ನು ತಪ್ಪು ತಪ್ಪಾಗಿ ಆಡಿದಾಗ ಅವರ ಮುಖಕ್ಕೆ ನಗಬೇಡಿ. ಕೂಡಲೇ ಇಂಗ್ಲಿಷಿಗೋ ಹಿಂದಿಗೋ ಹೊರಳಬೇಡಿ. ನಿಧಾನವಾಗಿ ಇನ್ನೊಮ್ಮೆ ಹೇಳಿ. ಅಂದು ಅಜ್ಜಿ ನನಗೆ ಮಾಡಿದ ಉಪಕಾರ ಅದು.

ನೋವನ್ನು ಕೊಂಡುಹೋಗುವವರು

ಅಜ್ಜಿ ಆ ಹೃದಯಾಘಾತದ ನಂತರ ಒಂಬತ್ತು ವರ್ಷ ಬದುಕಿದರು. ಅವರ ಮೊಮ್ಮಗಳು ನನ್ನ ಬಳಿ ಟ್ಯೂಷನ್ನಿಗೆ ಬಂದಳು.

ಕಳೆದ ರಮಝಾನಿನಲ್ಲಿ ಯೆರೆವಾನ್‌ನಿಂದ ಫೋನ್ ಬಂತು. ನಮ್ಮ ಹುಡುಗಿಗೆ ಜ್ವರ ಬಂದಿತ್ತಂತೆ. ತಾತಿಕ್ ಮೆಟ್ಟಿಲು ಹತ್ತಿ ಬಂದು ಸೂಪು ಕೊಟ್ಟು, ಹಣೆ ಮುಟ್ಟಿ, "ತ್ಸಾವ್ತ್ ತಾನೆಮ್" ಎಂದರಂತೆ. ಅರ್ಮೇನಿಯನ್ನರು ಮಾತುಮಾತಿಗೆ ಹೇಳುವ ಪ್ರೀತಿಯ ಮಾತು ಅದು. ನಿನ್ನ ನೋವನ್ನು ನಾನು ತೆಗೆದುಕೊಂಡು ಹೋಗುತ್ತೇನೆ ಎಂದರ್ಥ. ವಾರ್ಡಿನಲ್ಲಿ ಅವಳನ್ನು ಅಳಿಸಿದ 'ತ್ಸಾವ್', ಅದೇ ನೋವು ಎಂಬ ಪದ, ಈಗ ಅವಳ ಹಣೆಯ ಮೇಲೆ ಕೈಯಿಟ್ಟು ಕುಳಿತಿತ್ತು.

ನನಗೆ ಅತ್ತೆಯ ನೆನಪಾಯಿತು. ಅವರು ಮಕ್ಕಳ ಕೆನ್ನೆಯ ಮೇಲೆ ಎರಡೂ ಕೈ ಸವರಿ, ಬೆರಳುಗಳನ್ನು ತಮ್ಮ ಹಣೆಗೆ ಒತ್ತಿ ಲಟಲಟನೆ ನೆಟಿಕೆ ಮುರಿಯುತ್ತಿದ್ದರು. ಉರ್ದು ಮನೆಗಳಲ್ಲಿ ಅದಕ್ಕೆ ಬಲಾ ತೆಗೆಯುವುದು ಎನ್ನುತ್ತಾರೆ. ಮಗುವಿಗೆ ಬರುವ ಕಷ್ಟ ನನಗೆ ಬರಲಿ ಎಂಬ ಭಾವ. ಕೈಯ ಭಾಷೆ ಬೇರೆ, ಬಾಯಿಯ ಭಾಷೆ ಬೇರೆ, ಹೇಳುವುದು ಅದನ್ನೇ.

"ಈಗ ವಾರ್ಡಿನಲ್ಲಿ ಎಲ್ಲ ಅರ್ಥವಾಗುತ್ತದಾ?" ಎಂದು ಕೇಳಿದೆ.

"ಅರ್ಧ ಆಗುತ್ತದೆ ಚಾಚಿ. ಎಲ್ಲಿ ನೋಯುತ್ತದೆ ಎಂದು ನಾನು ಕೇಳುತ್ತೇನೆ. ಅವರು ಹೇಳುತ್ತಾರೆ. ತಿಳಿಯದಿದ್ದರೆ ಮಿ ಅಂಗಮ್ ಎಲ್ ಅಸೆಕ್ ಎನ್ನುತ್ತೇನೆ. ಮತ್ತೂ ತಿಳಿಯದಿದ್ದರೆ ಇನ್ನೊಮ್ಮೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ."

ಮನೆಯಲ್ಲಿ ಈಗ ಅವಳನ್ನು ವಾಪಸ್ ಕರೆಸುವ ಮಾತಿಲ್ಲ. ಇನ್‌ಶಾ ಅಲ್ಲಾಹ್, ಓದು ಮತ್ತು ಇಂಟರ್ನ್‌ಶಿಪ್ ಮುಗಿಸಿಯೇ ಬರುತ್ತಾಳೆ.

ಸಹೋದರಿಯರೇ, ನಿಮ್ಮ ಬೇಲಿಯಾಚೆಯೂ ಒಬ್ಬ ಅಜ್ಜಿ ಇರಬಹುದು. ಅವರ ಭಾಷೆ ನಿಮ್ಮದಲ್ಲದಿರಬಹುದು. ಇಂದು ಸಂಜೆ ಅರ್ಧ ಗಂಟೆ ಹೋಗಿ ಕುಳಿತುಕೊಳ್ಳಿ. ಎದೆಗೆ, ಹೊಟ್ಟೆಗೆ, ತಲೆಗೆ, ನೋವಿಗೆ ಅವರು ಏನೆನ್ನುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಅಷ್ಟು ಸಾಕು, ಉಳಿದದ್ದನ್ನು ಅವರೇ ಹೇಳಿಕೊಡುತ್ತಾರೆ.